ಅಪ್ಪ ತಂದ ಜಪಾನು ಕತ್ತಿ

ರಾಜ್ಯದ ಗಡಿ ಇನ್ನೂ ನಮ್ಮ ಕುಂಜತ್ತೂರಿಗೆ ಬಂದಿರದ ದಿನಗಳವು. ಸೀಮೆಎಣ್ಣೆಗೆ ರೇಶನ್, ಸಕ್ಕರೆಗೆ ರೇಶನ್, ಲಂಗದ ಬಟ್ಟೆಗೂ ರೇಶನ್. ದೊಡ್ಡ ಯುದ್ಧ ಮುಗಿದು ಅಪ್ಪ ಬರ್ಮಾದ ಕಡೆಯಿಂದ ಮನೆಗೆ ಬಂದಾಗ ನನಗೆ ಹತ್ತು ವರ್ಷ. ಮಿಲಿಟರಿ ಲಾರಿ ಓಡಿಸಲು ಅವರು ಹೋದಾಗ ಆರು. ಮುಖ ಮರೆತೇ ಹೋಗಿತ್ತು, ನೆನಪಿದ್ದದ್ದು ಬೀಡಿಯ ಘಾಟು ಮಾತ್ರ. ಬಂದವರ ಮೈಯಲ್ಲಿ ಅದೂ ಇರಲಿಲ್ಲ. ಸಿಗರೇಟಿನ ಮತ್ತು ಯಾವುದೋ ಔಷಧದ ಸಾಬೂನಿನ ವಾಸನೆ ಇತ್ತು.

ಟ್ರಂಕಿನಿಂದ ಅಮ್ಮನಿಗೆ ಒಂದು ಕಂಬಳಿ ಬಂತು, ನನಗೆ ಅಂಚು ಚಕ್ಕೆ ಎದ್ದ ಒಂದು ಲೋಟ. ಆಮೇಲೆ ಅಪ್ಪ ತಳದಿಂದ ಖಾಕಿ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗಿದ್ದದ್ದು ಕ್ಷೌರದ ಕತ್ತಿ. ನಮ್ಮ ಕಡೆಯದರ ಹಾಗೆ ಮಡಚುವಂಥದ್ದಲ್ಲ. ಹಿಡಿ, ಅಲಗು ಎಲ್ಲ ಒಂದೇ ಉಕ್ಕು. ಹಿಡಿಗೆ ಬೆತ್ತದ ಸಪೂರ ಎಳೆ ಸುತ್ತಿತ್ತು, ಅಲಗಿನ ಬುಡದಲ್ಲಿ ಮೂರು ಜಪಾನು ಅಕ್ಷರ.

"ಸೆರೆ ಸಿಕ್ಕಿದ ಒಬ್ಬ ಜಪಾನಿನವ ಕೊಟ್ಟದ್ದು. ನಾನು ದಿನಾ ಒಂದು ಸಿಗರೇಟು ಕೊಡ್ತಿದ್ದೆ. ಪಾಪ, ಅವನ ಹತ್ರ ಕೊಡ್ಲಿಕ್ಕೆ ಬೇರೆ ಎಂತ ಉಂಟು?" ಎಂದರು ಅಪ್ಪ.

ನಾನು ಕೈ ಚಾಚಿದೆ. "ಮುಟ್ಟಬೇಡ, ಬೆರಳು ಹೋದೀತು" ಎಂದವರು ಪಕ್ಕದಲ್ಲಿ ನಿಂತಿದ್ದ ಸಂಜೀವನ ಕಡೆ ತಿರುಗಿದರು. "ಇದು ಇನ್ನು ನಿಂದು ಮಾರಾಯ. ಮೀಸೆ ಬಂತಲ್ಲ ನಿಂಗೆ."

ಸಂಜೀವ ಅಪ್ಪನ ಅಕ್ಕನ ಮಗ. ಅತ್ತೆಯೂ ಅವನೂ ನಮ್ಮ ಜೊತೆಗೇ ಇದ್ದರು, ಅಥವಾ ಅವರ ಜೊತೆ ನಾವಿದ್ದೆವು ಅನ್ನಬೇಕು. ನಮ್ಮದು ಅಳಿಯಕಟ್ಟು. ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಮನೆ, ಗದ್ದೆ, ನಾಲ್ಕು ತೆಂಗು ಎಲ್ಲ ಸಂಜೀವನಿಗೆ ಎಂದು ನನಗೆ ಗೊತ್ತಿತ್ತು, ಅದರ ಬಗ್ಗೆ ಚಿಂತೆಯೂ ಇರಲಿಲ್ಲ. ಆದರೆ ಬರ್ಮಾದಿಂದ ಬಂದ ಕತ್ತಿಯೂ ಅಳಿಯನಿಗೇ ಹೋಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಒಳಗೆ ಹೋಗಿ ಅಮ್ಮನ ಹತ್ತಿರ ಕಣ್ಣೀರು ಹಾಕಿದೆ. "ನಿಂಗೆ ನಿನ್ನ ಸೋದರಮಾವ ಇಲ್ವಾ?" ಎಂದರು ಅಮ್ಮ. ಇದ್ದರು, ಹೊಸಂಗಡಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಅವರಿಂದ ನನಗೆ ಬರಬಹುದಾದದ್ದು ಏನೆಂದು ನೆನೆದರೇ ಅಳು ಇನ್ನಷ್ಟು ಬರುತ್ತಿತ್ತು. ಅತ್ತೆಗೆ ಇದೆಲ್ಲ ತಮಾಷೆ. "ಕತ್ತಿ ಬೇಕಾದ್ರೆ ಸಂಜೀವನನ್ನೇ ಮದುವೆ ಆಗು, ಮಾರಾಯ್ತಿ" ಎಂದು ನಗುತ್ತಿದ್ದರು. ಅದಕ್ಕಿಂತ ಬಾವಿಗೆ ಹಾರುತ್ತೇನೆ ಎಂದು ನಾನು ಕಾಲು ನೆಲಕ್ಕೆ ಅಪ್ಪಳಿಸುತ್ತಿದ್ದೆ.

ಮಳೆಗಾಲ ಇಡೀ ಆ ಕತ್ತಿಯದೇ ಕಾರುಬಾರು. ಅಪ್ಪ ಮಿಲಿಟರಿ ಬೆಲ್ಟನ್ನು ಚಾವಡಿಯ ಕಂಬಕ್ಕೆ ಕಟ್ಟಿ, ಸಂಜೀವನ ಕೈಯ ಮೇಲೆ ಕೈಯಿಟ್ಟು, ಅಲಗನ್ನು ಚರ್ಮಕ್ಕೆ ಉಜ್ಜುವುದನ್ನು ಕಲಿಸುತ್ತಿದ್ದರು. ಆ ಸರ್ ಸರ್ ಸದ್ದು ಕೇಳಿದರೆ ನನಗೆ ಹೊಟ್ಟೆಯೊಳಗೆ ಕೆಂಡ. ಅಪ್ಪ ನನ್ನೊಡನೆ ಆಡುತ್ತಿದ್ದದ್ದು ಎರಡೇ ಮಾತು: "ಉಂಡಿಯಾ?" "ಶಾಲೆ ಬಿಟ್ಟಿತಾ?" ಪೇಟೆಯಿಂದ ಬಂದ ನೆಂಟರ ಮಗುವನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ. ಸಂಜೀವನಿಗಾದರೆ ಬೈಗುಳ, ನಗು, ಬೆನ್ನಿಗೊಂದು ಗುದ್ದು.

ಕೃಷ್ಣಾಷ್ಟಮಿಗೆ ಎರಡು ದಿನ ಇತ್ತು. ಮೂಡೆ ಮಾಡಲು ಕಡಲ ಬದಿಯಿಂದ ಮುಂಡೇವಿನ ಎಲೆ ತಂದಿದ್ದರು. ಈ ಕೇದಗೆ ಎಲೆಯ ಎರಡೂ ಅಂಚಿನ, ನಡುವಿನ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಕೊಟ್ಟೆ ಸುತ್ತಿ, ಅದರಲ್ಲಿ ಹಿಟ್ಟು ಹೊಯ್ದು ಬೇಯಿಸುವುದು. ಮರುದಿನ ಬೆಳಿಗ್ಗೆ ಸಂಜೀವನ ಮೊದಲ ಕ್ಷೌರ ಎಂದು ಅಪ್ಪ ಹೇಳಿಯಾಗಿತ್ತು. ತಾವೇ ಮಾಡುತ್ತೇನೆ ಎಂದಿದ್ದರು. ಅಪ್ಪನ ಕೈ ಅವನ ಕೆನ್ನೆಯ ಮೇಲೆ ಎಂದು ನೆನೆದದ್ದೇ ನನಗೆ ತಡೆಯಲಾಗಲಿಲ್ಲ. ಎಲ್ಲರೂ ಗದ್ದೆಗೆ ಹೋಗಿದ್ದಾಗ ಗೋಡೆಯ ಗೂಡಿನಿಂದ ಕತ್ತಿ ಇಳಿಸಿ, ಹಿತ್ತಿಲಲ್ಲಿ ಕೂತು, ಅದರಲ್ಲೇ ಮುಂಡೇವಿನ ಮುಳ್ಳು ಕೊಯ್ದೆ. ಎಲೆಯ ಸಂದಿಯಲ್ಲೆಲ್ಲ ಹೊಯಿಗೆ, ಕಡಲ ಮರಳು. ಮೊದಲ ಎಲೆ ಬೆಣ್ಣೆ ಕೊಯ್ದಷ್ಟು ಸಲೀಸು. ಕೊನೆಯದಕ್ಕೆ ಬರುವಾಗ ಅಲಗು ಕಚ್ಚತೊಡಗಿತ್ತು. ಒರೆಸಿ, ಗೂಡಿನಲ್ಲಿಟ್ಟೆ. ತಿರುಗುವಾಗ ಸಂಜೀವ ಬಾಗಿಲಲ್ಲಿ ನಿಂತಿದ್ದ.

ಬೆಳಿಗ್ಗೆ ಚಾವಡಿಯಲ್ಲಿ ಮಣೆ ಹಾಕಿ, ಮುಖಕ್ಕೆ ನೊರೆ ಹಚ್ಚಿ, ಅಪ್ಪ ಕತ್ತಿ ಇಟ್ಟದ್ದೇ ತಡ, ಸಂಜೀವ ಚೀರಿದ. ನೊರೆ ಕೆಂಪಾಯಿತು. ಅಪ್ಪ ಅಲಗನ್ನು ಬಿಸಿಲಿಗೆ ಹಿಡಿದು ನೋಡಿದರು. ಹಲ್ಲು ಹಲ್ಲು.

"ಎಂತ ಕೊಯ್ದದ್ದು ಇದರಲ್ಲಿ?"

ಸಂಜೀವ ಒಮ್ಮೆ ನನ್ನತ್ತ ನೋಡಿ ತಲೆ ತಗ್ಗಿಸಿದ.

"ಅಪ್ಪಾ..." ಎಂದೆ ನಾನು.

"ನೀನು ಒಳಗೆ ಹೋಗು, ಮಗಾ" ಎಂದರು, ಮೆಲ್ಲಗೆ. ನಾನು ಹೊಸ್ತಿಲು ದಾಟುವ ಮೊದಲೇ ಹಿಂದಿನಿಂದ ಛಟೀರೆಂದು ಸದ್ದು ಕೇಳಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಹೆದರಿಕೆಯೂ ಆಗಲಿಲ್ಲ. ನನಗೆ ಬೀಳಬೇಕಾದ ಪೆಟ್ಟೂ ಅವನಿಗೇ ಹೋಯಿತಲ್ಲ ಎಂದು ಉರಿದುಹೋದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವುದು ಇದಕ್ಕೇ. ಅಲಗು ಸರಿ ಮಾಡಲು ಅಪ್ಪ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಣೆಕಲ್ಲಿಗೆ ನೀರು ಚಿಮುಕಿಸುತ್ತ ಮೂರು ದಿನ ಮಸೆದರು. ಬರ್ಮಾದ ಕಾಡು, ಕೆಸರಲ್ಲಿ ಹೂತ ಲಾರಿ, ಆ ಜಪಾನಿನವನಿಗೆ ಊರಲ್ಲಿದ್ದ ಪುಟ್ಟ ಮಗಳು, ಎಲ್ಲ ಕತೆ ಅವನಿಗೆ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ನನ್ನ ಪಾಲಿನ ಅಷ್ಟಮಿಯ ಮೂಡೆಯನ್ನು ಎಲೆಯಲ್ಲೇ ಬಿಟ್ಟೆದ್ದೆ.

ಸಂಜೀವ ಯಾರಿಗೂ ಬಾಯಿ ಬಿಡಲಿಲ್ಲ. ಮುಂದೆ ಕತ್ತಿಯ ಸಮೇತ ಬೊಂಬಾಯಿಯ ಹೋಟೆಲಿಗೆ ಹೋದ. ಹದಿನೆಂಟಕ್ಕೆ ನನಗೆ ಬೇರೆ ಕಡೆ ಮದುವೆ ನಿಶ್ಚಯವಾಯಿತು. ಹೊರಡುವ ವಾರ, ವೀಳ್ಯಕ್ಕೆ ಸುಣ್ಣ ಸವರುತ್ತ ಕೂತಿದ್ದ ಅಪ್ಪನ ಎದುರು ನಿಂತು ಹೇಳಿಯೇಬಿಟ್ಟೆ.

"ಅಪ್ಪಾ, ಆ ಕತ್ತಿ ಹಾಳು ಮಾಡಿದ್ದು ನಾನು."

"ಗೊತ್ತುಂಟು."

"ಯಾವಾಗಿಂದ?"

"ಆವತ್ತಿಂದಲೇ."

"ಮತ್ತೆ ಸಂಜೀವನಿಗೆ ಯಾಕೆ ಹೊಡೆದದ್ದು?"

ಅಪ್ಪ ಎಲೆ ಮಡಚಿದರು. "ಅವ ನಮ್ಮ ಕುಟುಂಬದವ, ಹೊಡಿಬಹುದು. ನೀನು ನಿನ್ನ ಅಮ್ಮನ ಕುಟುಂಬದವಳು. ನಿನ್ನ ಮೇಲೆ ಕೈ ಮಾಡ್ಲಿಕ್ಕೆ ನಂಗೆ ಎಂತ ಹಕ್ಕುಂಟು, ಮಗಾ?"

ಪ್ರೀತಿಯಿಂದಲೇ ಹೇಳಿದರು. ನನ್ನನ್ನು ಉಳಿಸಿದೆ ಎಂದೇ ಅವರು ತಿಳಿದಿದ್ದರು.

ಅಪ್ಪ ಹೋದರು, ಸಂಜೀವನೂ ಹೋದ. ಅಳಿಯಕಟ್ಟು ಎಂದರೆ ಈಗ ನಮ್ಮ ಮನೆಯ ಮಕ್ಕಳಿಗೆ ಅರ್ಥವೇ ಆಗುವುದಿಲ್ಲ. ಕಾನೂನು ಬದಲಾಗಿ ಅಪ್ಪನದ್ದು ಮಕ್ಕಳಿಗೇ ಬರುತ್ತದೆ, ಹೆಣ್ಣಿಗೂ ಬರುತ್ತದೆ, ಒಳ್ಳೆಯದೇ ಆಯಿತು. ಮೊನ್ನೆ ಮೊಮ್ಮಗಳು ಗಾಜಿನ ಹೂಜಿ ಒಡೆದಳು. ನನ್ನ ಮಗ ಕಿವಿ ಹಿಂಡಿ ಬೈದ. ಅವಳು ಅಳುತ್ತ ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ತಲೆ ಸವರಿದೆ, ಅವಳ ಅಪ್ಪನನ್ನು ಬೈದಂತೆಯೂ ಮಾಡಿದೆ. ಆದರೆ ಸುಳ್ಳು ಯಾಕೆ ಹೇಳಲಿ, ಈ ವಯಸ್ಸಿನಲ್ಲೂ ನನಗೆ ಆ ಮಗುವಿನ ಕೆಂಪಾದ ಕಿವಿ ನೋಡಿ ಹೊಟ್ಟೆಕಿಚ್ಚಾಯಿತು.