ಹೊಗೆ ತಿಜೋರಿ

ಆ ಯಂತ್ರ ಹುಕ್ಕೇರಿಯ ನಮ್ಮ ಮನೆಗೆ ಬಂದದ್ದು ಒಂದು ಸೋಮವಾರ. ಓಣಿಯೊಳಗೆ ಗಾಡಿ ತಿರುಗುವುದಿಲ್ಲವೆಂದು ಪಾರ್ಸಲಿನವನು ಡಬ್ಬವನ್ನು ತಿರುವಿನಲ್ಲೇ ಇಳಿಸಿ ಹೋದ. ನಾನು ಮತ್ತು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಇಬ್ಬರೇ ಅದನ್ನು ಜಗ್ಗುತ್ತ, ಎತ್ತುತ್ತ ಹಿತ್ತಲಿಗೆ ತಂದೆವು. ರಟ್ಟು ಹರಿದು ತೆಗೆದಾಗ ಸೊಂಟದೆತ್ತರದ ಕರಿಯ ಪೆಟ್ಟಿಗೆ. ದಪ್ಪ ಬಾಗಿಲು, ಒಳಗೆ ಮಾಂಸ ಇಡುವ ನಾಲ್ಕು ತಂತಿ ಜಾಳಿಗೆ, ತಳದಲ್ಲಿ ಕರೆಂಟಿನ ಕಾಯಿಲು, ಅದರ ಮೇಲೆ ಕಟ್ಟಿಗೆಯ ಚೂರು ಹಾಕುವ ಸಣ್ಣ ತಟ್ಟೆ. ಮಾಂಸವನ್ನು ಸಣ್ಣ ಕಾವಿನಲ್ಲಿಟ್ಟು ತಾಸುಗಟ್ಟಲೆ ಹೊಗೆ ಕೊಟ್ಟು ಬೇಯಿಸುವ ಸ್ಮೋಕರ್.

ಅವ್ವ ಅದನ್ನು ಸುತ್ತಲೂ ನೋಡಿ, "ಇದೇನ ಹೊಗಿ ತಿಜೋರಿ ತಂದಿಯವಾ?" ಎಂದಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಅದೇ ಹೆಸರು.

ನನ್ನನ್ನು ಮೂಡಲಗಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ನಾನು ಗೋವಾಕ್ಕೆ ಹೋಗಿ, ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ದುಡಿದೆ. ಪಾತ್ರೆ ತೊಳೆಯುವುದರಿಂದ ಸುರುಮಾಡಿ ಕೊನೆಗೆ ಮಾಂಸದ ಕೆಲಸಕ್ಕೆ ಬಂದೆ. ಹೊಗೆ ಹಾಕುವುದನ್ನು ಕಲಿತದ್ದು ಅಲ್ಲಿ. ಅವ್ವ ಜಾರಿಬಿದ್ದು ಸೊಂಟ ಮುರಿದುಕೊಂಡಾಗ ನೋಡಿಕೊಳ್ಳಲು ತವರಿಗೆ ಬಂದವಳು ಅಲ್ಲೇ ಉಳಿದೆ. ಮುಂದಿನ ಮನೆಯಲ್ಲಿ ಅಣ್ಣ, ವೈನಿ. ಹಿಂದಿನ ಖೋಲಿಯಲ್ಲಿ ನಾನು, ಅವ್ವ. ಸಂತೆಯ ಹತ್ತಿರ ಅಪ್ಪ ಇಟ್ಟಿದ್ದ ಮಟನ್ ಅಂಗಡಿಯನ್ನು ಅಣ್ಣ ನಡೆಸುತ್ತಿದ್ದ.

ಅಣ್ಣನ ಕೈಯ ಬಗ್ಗೆ ಹೇಳಬೇಕು. ಅಪ್ಪ ಅವನನ್ನು ಹೊಡೆಯುತ್ತಿದ್ದ, ಅವನು ನನ್ನನ್ನು ಹೊಡೆಯುತ್ತಿದ್ದ. ನನಗೆ ಒಂಬತ್ತು ವರ್ಷವಿದ್ದಾಗ, ಕುರಿಯ ಕರುಳು ತೊಳೆಯುವಾಗ ಹರಿದೆನೆಂದು ಮುಖಕ್ಕೆ ಒದ್ದ. ಕೆಳಗಿನ ಹಲ್ಲೊಂದು ಹೋಯಿತು. ಮದುವೆಯ ಹಿಂದಿನ ದಿನವೂ ಏಟು ತಿಂದು, ಬಾತ ಕೆನ್ನೆಗೆ ಅರಿಸಿನ ಹಚ್ಚಿಸಿಕೊಂಡೆ. ತಲೆ ಅರ್ಧ ನರೆತ ಮೇಲೆ ತವರಿಗೆ ಬಂದೆನಲ್ಲ, ಆಗಲೂ ಗಿರಾಕಿಯ ಮುಂದೆ ಎದುರು ಮಾತಾಡಿದೆನೆಂದು ಕಪಾಳಕ್ಕೆ ಬಾರಿಸಿದ. ವೈನಿಯ ಪಾಡು ನನಗಿಂತ ಬೇರೆ ಇರಲಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

"ಅವನ ಕೈ ಅಷ್ಟ ಬಿರಸ, ಮನಸ ಕೆಟ್ಟಿಲ್ಲ" ಎಂದು ಅವ್ವ ಪ್ರತಿಸಲ ಹೇಳುತ್ತಿದ್ದಳು. ನನಗೆ ತಾಗುತ್ತಿದ್ದದ್ದು ಅವನ ಕೈಯೇ.

ಯಮಕನಮರಡಿಯಲ್ಲಿ ಹೆದ್ದಾರಿಯ ಬದಿಗೆ ಒಂದು ಹೋಟೆಲಿದೆ. ಅದರ ಮಾಲೀಕರು ವಾರಕ್ಕೆ ಇಷ್ಟು ಎಂದು ಹೊಗೆ ಹಾಕಿದ ಮಟನ್ ತೊಡೆ ತೆಗೆದುಕೊಳ್ಳಲು ಒಪ್ಪಿದ್ದರು. ಎಳೆಯ ಟಗರೇ ಆಗಬೇಕು ಎಂಬುದು ಅವರ ಒಂದೇ ಮಾತು. ಯಂತ್ರ ಬರುವ ಮುಂಚೆಯೇ, ಮಾದರಿಗೆ ಅಂಥದ್ದೇ ತೊಡೆ ಕೊಡು ಎಂದು ನಾನು ಅಣ್ಣನಿಗೆ ಎರಡು ಸಲ ಹೇಳಿದೆ. ಎರಡು ಸಲವೂ ಅವನು ಸಂಜೆಯವರೆಗೆ ಮಾರಾಟವಾಗದೆ ಉಳಿದ ಮುದಿ ಆಡಿನ ತೊಡೆ ತಂದು ಕೊಟ್ಟ. ಮೂರನೆಯ ಸಲ ಅವನಿಗೆ ಹೇಳದೆ, ಘೋಡಗೇರಿಯ ಒಬ್ಬ ಕುರುಬ ಕಾಕಾನಿಗೆ ಫೋನು ಮಾಡಿ ಟಗರು ಗೊತ್ತುಮಾಡಿದೆ.

ಮಂಗಳವಾರ ಬೆಳಿಗ್ಗೆ ಯಂತ್ರವನ್ನು ಹೂಡಲು ಕೂತೆ. ಜೋರು ಕರೆಂಟಿನ ಪ್ಲಗ್ಗನ್ನು ವೈರ್‌ಮನ್ ಹಿಂದಿನ ವಾರವೇ ಹಾಕಿ, ಅರ್ಥಿಂಗ್ ಕೊಟ್ಟು ಹೋಗಿದ್ದ. ಹಿತ್ತಲಿನ ಪಡಸಾಲೆಯಲ್ಲಿ ಒಂದು ಫರ್ಸಿ ಕಲ್ಲನ್ನು ಸಮ ಮಾಡಿ, ಅದರ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ತಾಗದಂತೆ ನಿಲ್ಲಿಸಿದೆವು. ಜಾಳಿಗೆಗಳನ್ನು ಸಾಬೂನು ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆ. ಅಪ್ಪನ ಹಳೆಯ ಧೋತರದ ಚೂರಿಗೆ ಶೇಂಗಾ ಎಣ್ಣೆ ಅದ್ದಿ, ಒಳಗಿನ ನಾಲ್ಕೂ ಗೋಡೆಗೆ, ಬಾಗಿಲಿನ ಒಳಮೈಗೆ ತೆಳ್ಳಗೆ ಸವರಿದೆ. ಕಾಯಿಲಿಗೆ ಮಾತ್ರ ಎಣ್ಣೆ ತಾಗಬಾರದು.

ಹೊಸ ಪೆಟ್ಟಿಗೆಯಲ್ಲಿ ಮೊದಲ ದಿನವೇ ಮಾಂಸ ಇಡುವುದಿಲ್ಲ. ಖಾಲಿ ಇಟ್ಟೇ ಮೂರು ತಾಸು ಜೋರಾಗಿ ಕಾಯಿಸಿ, ಕೊನೆಯ ಮುಕ್ಕಾಲು ತಾಸು ಕಟ್ಟಿಗೆ ಹಾಕಿ ಹೊಗೆ ಕುಡಿಸಬೇಕು. ಕಾರ್ಖಾನೆಯ ಎಣ್ಣೆ, ಬಣ್ಣದ ವಾಸನೆ ಸುಟ್ಟುಹೋಗಿ, ಒಳಮೈಗೆ ಒಂದು ಕಪ್ಪು ಪದರು ಹಿಡಿಯುತ್ತದೆ. ಮೊದಲ ತಾಸು ಬಂದದ್ದು ಗಂಟಲು ಕೆರೆಯುವ ಬಿಳಿ ಹೊಗೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದಿನ ಕಟ್ಟೆಗೆ ಹೋದಳು. ವೈನಿ ಮಾತ್ರ ಕೆಮ್ಮುತ್ತಲೇ ಬಾಜೂಕ್ಕೆ ಕೂತಿದ್ದಳು.

ಮೂರನೆಯ ತಾಸಿಗೆ ಮಾವಿನ ಮತ್ತು ಪೇರಲದ ಒಣ ಚೂರುಗಳನ್ನು ತಟ್ಟೆಗೆ ಹಾಕಿದೆ. ಹತ್ತು ನಿಮಿಷದಲ್ಲಿ ವಾಸನೆ ಬದಲಾಯಿತು. ಸಂದಿನಿಂದ ತೆಳುವಾದ ನೀಲಿ ಹೊಗೆ ಏಳತೊಡಗಿತು. ಬಹಳ ದಿನಗಳ ಮೇಲೆ ನನಗೆ ಹಸಿವಾಯಿತು.

ಆಗ ಅಣ್ಣ ಬಂದ. ಮಧ್ಯಾಹ್ನದ ಮೂರು ಗಂಟೆ. ಅಂಗಡಿಯಿಂದ ನೇರ ಬಂದಿದ್ದ. ಸೊಂಟಕ್ಕೆ ಕಟ್ಟಿದ್ದ ಪಂಚೆಯ ಮೇಲೆ ರಕ್ತ ಇನ್ನೂ ಹಸಿಯಿತ್ತು.

"ಘೋಡಗೇರಿಯಿಂದ ಟಗರ ತರಸಾಕತ್ತೀಯಂತ. ಆ ಮುದುಕ ಸಂತಿಯೊಳಗ ಎಲ್ಲಾರಿಗೂ ಹೇಳಾಕತ್ತಾನ. ನನ್ನ ಅಂಗಡಿ ಖಂಡ ನಿನಗ ಸೇರೂದಿಲ್ಲೇನಬೇ?"

"ಹೋಟೆಲ್‌ನವರು ಎಳೀದ ಬೇಕಂದಾರ. ನೀ ಕೊಟ್ಟಿದ್ದು ಮುದಿ ಆಡಿಂದು. ಎರಡ ಸಲ ಹೇಳೇನಿ."

"ಮಂದಿ ಮುಂದ ನನ್ನ ಮರ್ಯಾದಿ ಕಳದಿ."

"ಮಂದಿ ಮುಂದ ನಾ ಏನೂ ಅಂದಿಲ್ಲ. ಈಗ ನಿನ್ನ ಮುಂದ ಅನ್ನಾಕತ್ತೇನಿ."

ಮಾತು ಮುಗಿಯುವುದರೊಳಗೆ ಕಪಾಳಕ್ಕೆ ಬಿತ್ತು. ನಾನು ಬೀಳಲಿಲ್ಲ. ಅದಕ್ಕೆ ಅವನಿಗೆ ಇನ್ನೂ ಸಿಟ್ಟು ಬಂದಿರಬೇಕು; ತುರುಬು ಹಿಡಿದು ಜಗ್ಗಿ ನನ್ನ ಹಣೆಯನ್ನು ಗೋಡೆಗೆ ಬಡಿದ. ಒಂದು, ಎರಡು, ಮೂರನೆಯದಕ್ಕೆ ಹುಬ್ಬು ಒಡೆದು ಎಡಗಣ್ಣು ರಕ್ತದಲ್ಲಿ ಮುಚ್ಚಿತು. ವೈನಿ "ಬಿಡ್ರಿ, ಬಿಡ್ರಿ" ಎಂದು ಅವನ ತೋಳಿಗೆ ಜೋತುಬಿದ್ದಳು. ಅವಳನ್ನು ಮೊಣಕೈಯಿಂದ ತಿವಿದು ಕೆಡವಿದ. ಆಮೇಲೆ ನನ್ನನ್ನು ಬಿಟ್ಟು ಯಂತ್ರದ ಕಡೆ ತಿರುಗಿದ.

ಪ್ಲಗ್ಗು ಕಿತ್ತ. ಬಾಗಿಲನ್ನು ಪೂರ್ತಿ ತೆರೆದ. ಒಳಗಿನ ಹೊಗೆಯೆಲ್ಲ ಒಮ್ಮೆಲೇ ಅವನ ಮುಖಕ್ಕೆ ಬಂತು. ಕಣ್ಣು ಮುಚ್ಚಿಕೊಂಡೇ, ಪೆಟ್ಟಿಗೆಯನ್ನು ಉರುಳಿಸಲು ಅದರ ಅಂಚನ್ನು ಬಲಗೈಯಿಂದ ಹಿಡಿದ. ಹಿಡಿದದ್ದು ಬಾಗಿಲಿನ ಬಿಜಾಗರಿ ಇರುವ ಕಡೆ. ಅವನ ಬೆರಳುಗಳು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ಇದ್ದವು. ನಾನು ಅದನ್ನು ಒಂದೇ ಕಣ್ಣಿನಿಂದ ನೋಡಿದೆ.

ಭುಜ ಕೊಟ್ಟು ಬಾಗಿಲನ್ನು ದೂಡಿದೆ. ನಾನು ಹುಟ್ಟಿದ್ದು ಕಟುಕರ ಮನೆಯಲ್ಲಿ. ಕೀಲು ಬಿಟ್ಟ ಸಪ್ಪಳ ಯಾವುದು, ಎಲುಬು ಮುರಿದ ಸಪ್ಪಳ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲುಬು ಮುರಿದಿತ್ತು. ಅವನು ಪ್ರಾಣಿಯ ಹಾಗೆ ಒದರಿ ಮೊಣಕಾಲೂರಿದ. ಬಾಗಿಲು ತುಸು ಹಿಂದಕ್ಕೆ ಬಂತು. ಅವನು ಕೈ ಎಳೆದುಕೊಳ್ಳುವ ಮುಂಚೆ ನಾನು ಮತ್ತೊಮ್ಮೆ, ಮೈಯ ಭಾರವನ್ನೆಲ್ಲ ಹಾಕಿ ದೂಡಿದೆ.

ಮೊದಲನೆಯದನ್ನು ನಾನು ಯಾರ ಮುಂದೆಯೂ ಸಮರ್ಥಿಸಬಲ್ಲೆ. ಎರಡನೆಯದು ಬೇಕಾಗಿರಲಿಲ್ಲ.

ಅವ್ವ ಕುಂಟುತ್ತ ಓಡಿಬಂದಳು. ಮಗನ ಕೈ ನೋಡಿದಳು. ಕೈಗೆ ಸಿಕ್ಕ ತಂಬಿಗೆಯಿಂದ ನನ್ನ ಬೆನ್ನಿಗೆ ಬಾರಿಸತೊಡಗಿದಳು. "ಹಾಳಾದಾಕಿ, ದುಡಿಯೋ ಕೈ ಮುರದೆಲ್ಲಬೇ!" ಎಂದು ಪ್ರತಿ ಏಟಿಗೂ ಒದರಿದಳು. ನನ್ನ ಮುಖದ ಮೇಲಿನ ರಕ್ತ ಅವಳಿಗೆ ಕಾಣಲಿಲ್ಲವೋ, ಕಂಡೂ ಅದು ದಿನದ ಮಾತೆನಿಸಿತೋ ಗೊತ್ತಿಲ್ಲ. ವೈನಿ ತಂಬಿಗೆ ಕಸಿದುಕೊಂಡು, ಅಪ್ಪನ ಹಳೆಯ ಧೋತರ ಹರಿದು ಅವನ ಕೈ ಸುತ್ತಿದಳು. ಉಳಿದ ಚೂರಿನಿಂದ ನನ್ನ ಹಣೆ ಕಟ್ಟಿದಳು.

ಪಕ್ಕದ ಮನೆಯವರ ಕಾರಿನಲ್ಲಿ ಗೋಕಾಕಿನ ಎಲುಬಿನ ಡಾಕ್ಟರ ಹತ್ತಿರ ಹೋದೆವು. ಅಣ್ಣ ನಡುವೆ, ನಾವಿಬ್ಬರು ಆಚೆ ಈಚೆ. ದಾರಿಯುದ್ದಕ್ಕೂ ಅವನು ನನ್ನ ಕಡೆಗೆ ವಾಲದಂತೆ ಮೈ ಬಿಗಿಹಿಡಿದು ಕೂತಿದ್ದ.

"ಹೆಂಗಾತ್ರಿ ಇದು?" ಎಂದು ಡಾಕ್ಟರು ಕೇಳಿದರು.

"ಅಂಗಡಿ ಶಟರ್ ಬಿತ್ರಿ," ಎಂದ ಅಣ್ಣ.

ಡಾಕ್ಟರು ನನ್ನ ಹಣೆ ನೋಡಿದರು. "ಇವರಿಗೇನಾತು?"

"ಶಟರ್ ಎತ್ತಾಕ ಬಂದಿದ್ಲರಿ."

ಅವನು ನನ್ನನ್ನು ಉಳಿಸಲು ಸುಳ್ಳು ಹೇಳಿದನೆಂದು ನಾನು ನಂಬುವುದಿಲ್ಲ. ತಂಗಿಯ ಕೈಯಿಂದ ಮುರಿಸಿಕೊಂಡೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ನಡುಬೆರಳು, ಉಂಗುರಬೆರಳು ಎರಡಕ್ಕೂ ತಂತಿ ಹಾಕಬೇಕೆಂದರು. ನನ್ನ ಹುಬ್ಬಿಗೆ ಐದು ಹೊಲಿಗೆ ಬಿದ್ದವು.

ಔಷಧಿ ಅಂಗಡಿಯ ಮುಂದೆ ನಿಂತಾಗ ವೈನಿ ಮೆಲ್ಲಗೆ, "ಎರಡನೇದು ನಾ ನೋಡೇನಿ" ಎಂದಳು.

ನಾನು ಔಷಧಿಯ ಚೀಟಿಯನ್ನು ಅಂಗಡಿಯವನಿಗೆ ಕೊಟ್ಟೆ.

"ಯಾರ ಮುಂದೂ ಹೇಳೂದಿಲ್ಲ. ನನಗ ಎಷ್ಟ ಸಲ ಹಂಗ ಮಾಡಬೇಕನಿಸೇತಿ. ಒಂದ ಸಲನೂ ಕೈ ಏಳಲಿಲ್ಲ."

ಅಂಗಡಿ ಮುಚ್ಚುವಂತಿರಲಿಲ್ಲ. ಸಂತೆಯ ದಿನಕ್ಕೆ ಬೇರೆ ಆಳು ಸಿಗಲಿಲ್ಲ. ನಾನೇ ಕೂರುತ್ತೇನೆಂದೆ. ಅಣ್ಣ ಬೆಳಿಗ್ಗೆ ಅಂಗಡಿಯ ಕೀಲಿಯನ್ನು ಕಟ್ಟೆಯ ಮೇಲಿಟ್ಟು ಹೋದ. ಅಪ್ಪನ ಮರದ ಕೊರಡಿನ ಹಿಂದೆ ಹೆಂಗಸು ಕೂತದ್ದನ್ನು ಹುಕ್ಕೇರಿ ಸಂತೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

"ಅಕ್ಕಾರ, ನಿಮಗ ಬರ್ತೈತೇನ್ರಿ?" ಎಂದು ಮೊದಲ ಗಿರಾಕಿ ಕೇಳಿದ.

ನಾನು ಕತ್ತಿ ಎತ್ತಿ ತೊಡೆಯನ್ನು ಮೂರೇ ಏಟಿಗೆ ತುಂಡು ಮಾಡಿ ತಕ್ಕಡಿಗೆ ಹಾಕಿದೆ. ಅವನು ಮತ್ತೆ ಕೇಳಲಿಲ್ಲ.

ಅಣ್ಣ ಕೊರಳಿಗೆ ಕೈ ತೂಗಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದ. "ಕೀಲ ನೋಡಿ ಹಾಕ", "ಚರಬಿ ತಗಿ" ಎಂದು ಆಗಾಗ ಹೇಳುವನು. ಎರಡು ಮೂರು ದಿನಗಳ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಅವನ ಕುರ್ಚಿ ಯಾವಾಗಲೂ ನನ್ನ ಕತ್ತಿಯ ಅಳತೆಯಿಂದ ಒಂದು ಮಾರು ಆಚೆಗಿರುತ್ತಿತ್ತು. ಅವನು ನೋಡುತ್ತಿದ್ದದ್ದು ಮಾಂಸವನ್ನಲ್ಲ, ನನ್ನ ಮಣಿಕಟ್ಟನ್ನು. ನಾನು ಕತ್ತಿ ಎತ್ತಿದಾಗಲೆಲ್ಲ ಅವನ ಭುಜ ಸಣ್ಣಗೆ ಕುಗ್ಗುತ್ತಿತ್ತು. ಆ ಕುಗ್ಗುವಿಕೆ ನನಗೆ ಗೊತ್ತು. ನಲವತ್ತು ವರ್ಷ ಅದು ನನ್ನ ಭುಜದಲ್ಲಿತ್ತು. ಒಂದು ಕ್ಷಣ ಖುಷಿಯಾಯಿತು. ಆಮೇಲೆ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ.

ತಿಂಗಳ ಮೇಲೆ, ಬೆರಳಿನ ತಂತಿ ತೆಗೆಸಿ ಬಂದ ದಿನ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನೇ ಕೇಳಿದ.

"ಎರಡನೇ ಸಲ ಯಾಕ ದೂಡಿದಿ?"

"ಮೊದಲನೇ ಸಲ ಹೆದರಿ ದೂಡಿದೆ. ಎರಡನೇ ಸಲ ಬೇಕಂತ ದೂಡಿದೆ."

ಅವನು ಸೊಟ್ಟಾದ ಬೆರಳುಗಳನ್ನು ಮಡಚಲು ನೋಡಿದ. "ಖರೆ ಹೇಳಿದಿ" ಎಂದ. ಕ್ಷಮೆ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟರಲ್ಲಿ ಯಾರೋ ಬಂದು ಅರ್ಧ ಕಿಲೋ ಖೀಮಾ ಕೇಳಿದರು.

ಮರುದಿನ, ಆವತ್ತಿನ ನಂತರ ಮೊದಲ ಸಲ, ನಾನು ಯಂತ್ರದ ಮುಂದೆ ಕೂತೆ. ಅರ್ಧಕ್ಕೆ ನಿಂತ ಹೊಗೆಯಿಂದ ಒಳಮೈ ಕಲೆಕಲೆಯಾಗಿತ್ತು. ಬಿಜಾಗರಿಯ ಸಂದಿನಲ್ಲಿ ಅವನ ಚರ್ಮದ ಒಂದು ಚೂರು ಒಣಗಿ ಅಂಟಿಕೊಂಡಿತ್ತು. ಬಿಸಿನೀರು ಹಾಕಿ, ಕಡ್ಡಿಯಿಂದ ಕೆರೆದು ತೆಗೆದೆ. ಬಾಗಿಲು ತುಸು ಸೊಟ್ಟಾಗಿ ಹೊಗೆ ಸೋರುವಂತಿತ್ತು. ಅದನ್ನು ಬಿಚ್ಚಿ ಒಯ್ದು ಯಮಕನಮರಡಿಯ ಗ್ಯಾರೇಜಿನಲ್ಲಿ ನೆಟ್ಟಗೆ ಮಾಡಿಸಿದೆ. ಮತ್ತೆ ಎಣ್ಣೆ ಸವರಿ, ಮತ್ತೆ ಮೂರು ತಾಸು ಖಾಲಿ ಕಾಯಿಸಿ, ಹೊಗೆ ಕುಡಿಸಿದೆ. ಈ ಸಲ ಒಳಮೈ ಒಂದೇ ಸಮ ಕಪ್ಪಾಯಿತು. ಅದರ ಮರುದಿನ ಘೋಡಗೇರಿಯ ಟಗರಿನ ಎರಡು ತೊಡೆ ಇಟ್ಟು, ಹೊಗೆ ಹಾಕಿ, ಹೋಟೆಲಿಗೆ ಒಯ್ದೆ. ಮಾಲೀಕರು ತಿಂದು, "ವಾರಕ್ಕ ಎಂಟ ಕೊಡ್ರಿ" ಎಂದರು.

ಈಗ ನಾನು ಯಮಕನಮರಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಅವ್ವನನ್ನು ಕರೆದೆ, ಅವಳು ಮಗನ ಮನೆ ಬಿಟ್ಟು ಬರಲಿಲ್ಲ. ಅಣ್ಣ ಅಂಗಡಿಗೆ ಹಿಂತಿರುಗಿದ್ದಾನೆ. ಎಲುಬು ಕಡಿಯಲು ಆಳನ್ನಿಟ್ಟಿದ್ದಾನೆ. ಆ ದಿನದ ಮೇಲೆ ಮನೆಯಲ್ಲಿ ಕೈ ಎತ್ತಿಲ್ಲವೆಂದು ವೈನಿ ಫೋನಿನಲ್ಲಿ ಹೇಳುತ್ತಾಳೆ. ಅವನು ಬದಲಾದದ್ದಕ್ಕೋ, ಬೆರಳು ಮಡಚಲು ಬಾರದ್ದಕ್ಕೋ ಎಂದು ಕೇಳಿದರೆ, "ಅದನ್ನ ಕೇಳಬ್ಯಾಡ್ರಿ" ಎನ್ನುತ್ತಾಳೆ.

ತಿಂಗಳಿಗೊಮ್ಮೆ ಅವ್ವ ಊಟಕ್ಕೆ ಕರೆಯುತ್ತಾಳೆ. ಹೋಗುತ್ತೇನೆ. ಅಣ್ಣ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಾನೆ, ಟಗರಿನ ಧಾರಣೆ ಕೇಳುತ್ತಾನೆ, ನಾನು ಹೇಳುತ್ತೇನೆ. ನನಗೆ ಗೋಡೆಗೆ ಬೆನ್ನು ಹಚ್ಚಿ ಕೂತರೇ ತುತ್ತು ಇಳಿಯುತ್ತದೆ. ಎದುರಿನ ಗೋಡೆಗೆ ಅವನೂ ಹಾಗೆಯೇ ಬೆನ್ನು ಹಚ್ಚಿ ಕೂತಿರುತ್ತಾನೆ. ನಡುವೆ ವೈನಿ ಸಾರು ಬಡಿಸುತ್ತಾಳೆ.