ತಪ್ಪೆಲ್ಲ ಟಿವಿಯದೇ

ಐದು ವರ್ಷದ ಇಂಚರ ಟಿವಿಯ ಗಾಜಿಗೆ ಮೂಗು ತಾಗಿಸಿಕೊಂಡು ನಿಲ್ಲುತ್ತಾಳಲ್ಲ, ಅದು ಚಿತ್ರ ಮಸುಕಾಗಿರುವುದಕ್ಕೋ, ಮಗುವಿನ ಕಣ್ಣೇ ಮಸುಕಾಗಿರುವುದಕ್ಕೋ? ಈ ಒಂದು ಚಿಂತೆ ಪುಷ್ಪಲತಾಳ ತಲೆಯೊಳಗೆ ಹೊಕ್ಕಿದ್ದು ಹೊರಗೆ ಹೋಗಲೊಲ್ಲದಾಗಿತ್ತು. ಒಗ್ಗರಣೆಗೆ ಸಾಸಿವೆ ಹಾಕುವಾಗ ಅದೇ, ಮಗುವಿಗೆ ಜಡೆ ಹೆಣೆಯುವಾಗ ಅದೇ, ಸ್ಕೂಲ್ ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಗೇಟಿನ ಬಳಿ ನಿಂತು ಅದೇ.

ಅವಳು ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಕಾನ್ವೆಂಟು, ಕಾಲೇಜು ಮುಗಿಸಿ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮನೆಗೆ ಸೊಸೆಯಾಗಿ ಬಂದವಳು. ಆ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಎಂದೋ ತೀರ್ಮಾನವಾಗಿತ್ತು. ತೀರ್ಮಾನಿಸಿದವರು ಮಾವ ಷಡಕ್ಷರಪ್ಪನವರು. ತಪ್ಪು ಟಿವಿಯದು.

ಷಡಕ್ಷರಪ್ಪನವರ ಕಥೆ ಹೇಳಹೊರಟರೆ ಅವರ ಕಣ್ಣಿನಿಂದಲೇ ಶುರುಮಾಡಬೇಕು. ಅವರೂ ಅಲ್ಲಿಂದಲೇ ಶುರುಮಾಡುವುದು. ಅವರ ತಂದೆ ಮಾದಿಹಳ್ಳಿ ಕಡೆಯ ತೋಟಗಳಿಂದ ಎತ್ತಿನ ಗಾಡಿಯಲ್ಲಿ ಕಾಯಿ ತಂದು ಅರಸೀಕೆರೆಯಲ್ಲಿ ಮಾರುತ್ತಿದ್ದವರು. ಮಗನಿಗೆ ಮೀಸೆ ಮೂಡುವ ಮೊದಲೇ ಮಂಡಿಯಲ್ಲಿ ಕೂರಿಸಿದರು. ಉಂಡೆ ಕೊಬ್ಬರಿಯ ಚೀಲದ ಬಾಯಿ ಬಿಚ್ಚಿದರೆ ಸಾಕು, ಇದು ಅಟ್ಟದ ಮೇಲೆ ನಿಧಾನವಾಗಿ ಒಣಗಿದ್ದು, ಇದು ಆತುರದಲ್ಲಿ ಒಣಗಿಸಿದ್ದು, ಇದರ ಹೊಟ್ಟೆಯೊಳಗೆ ಬೂಷ್ಟು ಇದೆ ಎಂದು ಷಡಕ್ಷರಪ್ಪ ದೂರದಿಂದಲೇ ಹೇಳಿಬಿಡುತ್ತಿದ್ದರಂತೆ. ಮಾರುಕಟ್ಟೆ ಯಾರ್ಡಿನಲ್ಲಿ ಬೇರೆ ವ್ಯಾಪಾರಿಗಳು ಮಾಲಿಗೆ ಬೆಲೆ ಕೂಗುವ ಮೊದಲು "ಷಡಕ್ಷರಪ್ಪ ನೋಡಿದ್ರಾ?" ಎಂದು ಕೇಳುವ ರೂಢಿ ಬಿತ್ತು. ಹೊಗಳಿಕೆ ಮೊದಲು ಅವರ ತಲೆಗೇರಿತು, ಆಮೇಲೆ ಇಡೀ ಮನೆತನಕ್ಕೆ ಇಳಿಯಿತು. ಹೊಲ, ಮನೆ, ಮಂಡಿಯ ಹಾಗೆ ಕಣ್ಣೂ ಒಂದು ಪಿತ್ರಾರ್ಜಿತ ಆಸ್ತಿಯಾಯಿತು.

"ನಮ್ಮ ವಂಶದಲ್ಲಿ ಯಾರ ಮೂಗಿನ ಮೇಲೂ ಕನ್ನಡಕ ಕೂತಿಲ್ಲ ಕಣಮ್ಮ," ಎನ್ನುತ್ತಿದ್ದರು. "ಕನ್ನಡಕ ಹಾಕ್ಕೊಂಡು ಚೀಲದ ಮುಂದೆ ನಿಂತ್ರೆ ರೈತ ಕೆಟ್ಟ ಮಾಲೇ ಮುಂದಕ್ಕೆ ತಳ್ತಾನೆ. ಕೊಬ್ಬರಿ ವ್ಯಾಪಾರ ಅಂದ್ರೇನು ಅಂದ್ಕೊಂಡಿದೀಯ? ಕಣ್ಣು ಐತೆ ಅಂತ ಊರಿಗೆ ಗೊತ್ತಿರಬೇಕು."

ಊರಿಗೆ ಗೊತ್ತಿರಬೇಕು, ನಿಜ. ಮನೆಯವರಿಗೆ ಗೊತ್ತಿದ್ದದ್ದು ಬೇರೆ. ಬೆಳಿಗ್ಗೆ ಷಡಕ್ಷರಪ್ಪನವರು ಪೇಪರನ್ನು ತೋಳು ಪೂರಾ ಚಾಚಿ ಹಿಡಿಯುತ್ತಿದ್ದರು. ತೋಳು ಇನ್ನೂ ಸ್ವಲ್ಪ ಉದ್ದವಿದ್ದಿದ್ದರೆ ಪೇಪರು ಪಕ್ಕದ ಮನೆಯ ಕಾಂಪೌಂಡಿನೊಳಗೆ ಇರುತ್ತಿತ್ತು. "ಈಗ ಪೇಪರಿನೋರು ಅಕ್ಷರ ಸಣ್ಣ ಮಾಡ್ಬಿಟ್ಟವ್ರೆ. ಇಂಕು ಉಳಿಸ್ತಾರೆ, ಕಳ್ಳರು," ಎಂದು ಗೊಣಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಹಳೇಬೀಡಿಗೆ ಹೋಗಿದ್ದಾಗ ಪುಷ್ಪಲತಾಳ ಚಿಂತೆ ಬೇರು ಬಿಟ್ಟಿದ್ದು. ಗುಡಿಯ ಮುಂದಿನ ಹುಲ್ಲುಹಾಸಿನಲ್ಲಿ ನಿಂತು, "ನೋಡು ಇಂಚು, ಗೋಡೆ ಕೆಳಗೆ ಆನೆಗಳ ಸಾಲು," ಎಂದು ತೋರಿಸಿದರೆ ಮಗು "ಎಲ್ಲಿ? ಅಲ್ಲಿ ಬರೀ ಗೋಡೆ ಇದೆ," ಎಂದಿತ್ತು. ಹತ್ತಿರ ಕರೆದೊಯ್ದ ಮೇಲೆ ಆನೆಯ ಸೊಂಡಿಲಿಗೆ ಕೆನ್ನೆ ಒತ್ತಿಕೊಂಡು ನಕ್ಕಿತ್ತು. ಪುಷ್ಪಲತಾ ಮಗುವಿನ ಕಣ್ಣನ್ನೇ ನೋಡಿದಳು. ಮಾವನವರು ಮಾತ್ರ ಕಲ್ಲನ್ನು ಒಮ್ಮೆ ಸವರಿ, "ಎಷ್ಟು ನೂರು ವರ್ಷ ಆಗೈತೋ, ಸವೆದೋಗಿರ್ತಾವೆ. ಮಗೀಗೆ ಹೆಂಗೆ ಕಾಣ್ಬೇಕು?" ಎಂದು ಹೊಯ್ಸಳರ ಮೇಲೇ ತಪ್ಪು ಹೊರಿಸಿ ಎಳನೀರು ಕುಡಿಯಲು ಹೊರಟರು.

ಅಂಥವರ ಕೈಗೆ ಟಿವಿ ಸಿಕ್ಕಿದ್ದು ದಸರಾ ಹೊತ್ತಿಗೆ. ಅಂಗಡಿಯಲ್ಲಿ ಇದ್ದದ್ದರಲ್ಲೇ ದೊಡ್ಡದನ್ನು ತೋರಿಸಿ "ಅದು" ಎಂದರು. ಮನೆಯ ಹಜಾರ ಉದ್ದಕ್ಕೆ ರೈಲುಡಬ್ಬಿಯಂತಿದೆ, ಒಂದು ತುದಿಯ ಗೋಡೆಯನ್ನು ಟಿವಿಯೇ ತುಂಬಿಕೊಂಡಿತು. ಆ ಟಿವಿಗೆ ಒಂದು ಮಾರು ದೂರದಲ್ಲಿ ದಿವಾನ ಹಾಕಿಸಿ, ದೊಡ್ಡ ವಸ್ತುವನ್ನು ಹತ್ತಿರದಿಂದ ನೋಡಿದರೇ ಕೊಟ್ಟ ದುಡ್ಡು ದಕ್ಕುವುದು ಎಂಬ ನಂಬಿಕೆಯಲ್ಲಿ ಕೂತರು. ಅಂಗಡಿಯಲ್ಲಿ ಹೂವಿನ ಎಸಳಿನ ಮೇಲಿನ ಇಬ್ಬನಿಯೂ ಕಾಣುತ್ತಿತ್ತು. ಮನೆಯಲ್ಲಿ ಹಳೆಯ ಕೇಬಲ್ ಡಬ್ಬಿಯಿಂದ ಹಳದಿ, ಕೆಂಪು, ಬಿಳಿ ವೈರಿನಲ್ಲಿ ಬಂದ ವಾರ್ತೆ ಓದುವವನ ಮುಖ ಗಂಜಿಯಲ್ಲಿ ಅದ್ದಿ ತೆಗೆದಂತೆ ಕಂಡಿತು.

"ಅವ್ರು ಕಳಿಸೋ ಚಿತ್ರ ಚಿಕ್ಕದು ಮಾವ, ಅದನ್ನ ಇಷ್ಟು ಅಗಲಕ್ಕೆ ಎಳೆದ್ರೆ ತೆಳುವಾಗುತ್ತೆ," ಎಂದಳು ಪುಷ್ಪಲತಾ. "ದೋಸೆ ಹಿಟ್ಟಿನ ಹಾಗೆ."

"ದೋಸೆ ನೀನು ಒಲೆ ಮೇಲೆ ಹುಯ್ಯಮ್ಮ," ಎಂದರು ಮಾವ. "ಟಿವಿ ನಾನು ನೋಡ್ಕೊತೀನಿ."

ನೋಡಿಕೊಂಡಿದ್ದೇನು? ಕೇಬಲ್ ಶರತ್ಚಂದ್ರನನ್ನು ಕರೆಸಿದರು. ಬೈಕಿನ ಕೀ ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ ಬಂದ ಆತ, "ಟಿವಿ ದೊಡ್ಡದಾದಷ್ಟೂ ಬಣ್ಣ ಜಾಸ್ತಿ ಕೊಡ್ಬೇಕು ಯಜಮಾನ್ರೇ," ಎಂದು ವಿವಿಡ್ ಎಂಬುದನ್ನು ಒತ್ತಿದ. ಶಾರ್ಪ್‌ನೆಸ್ ಅನ್ನು ಮೇಲಿನ ತುದಿಗೆ ಏರಿಸಿದ. ನುಣುಪು ಮಾಡುವ ಇನ್ನೇನೋ ಒಂದನ್ನೂ ಕೊನೆಯವರೆಗೆ ತಳ್ಳಿದ. ಮುಖಗಳೆಲ್ಲ ಅರಿಶಿನ ನೀರು ಮಿಂದು ಬಂದವು. ಅಂಚಿಗೆ ಬಿಳಿ ಗೆರೆ ಮೂಡಿ, ಮನುಷ್ಯರು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗಾದರು. ಕೆನ್ನೆಗಳು ಮೇಣದ ಬೊಂಬೆಯದಾದವು. ಷಡಕ್ಷರಪ್ಪನವರು ಕಣ್ಣು ಕಿರಿದು ಮಾಡಿ, "ಹಾಂ, ಈಗ ಬಂತು," ಎಂದರು. ಶರತ್ಚಂದ್ರ ಕಾಫಿ ಕುಡಿದು ಹೋದ.

ಅಂದೂ ಇಂಚರ ದಿವಾನದಿಂದಿಳಿದು ಟಿವಿಯ ಬುಡಕ್ಕೆ ಹೋಗಿ ನಿಂತಳು.

"ಕಣ್ಣಿನ ಡಾಕ್ಟರ ಹತ್ರ ಒಂದ್ಸಲ ತೋರ್ಸಿಬಿಡೋಣ," ಎಂದು ಪುಷ್ಪಲತಾ ಗಂಡ ಚಿದಂಬರನಿಗೆ ಹೇಳಿದಳು. ಚಿದಂಬರ ಸಂಭಾವಿತ. ತಕ್ಕಡಿಯ ಮುಳ್ಳಿನ ಹಾಗೆ ಎರಡೂ ಕಡೆ ಸ್ವಲ್ಪ ಸ್ವಲ್ಪ ವಾಲಿ ಕೊನೆಗೆ ನಡುವೆ ನಿಲ್ಲುವವನು.

"ನೀನು ಹೇಳೋದ್ರಲ್ಲೂ ಪಾಯಿಂಟ್ ಇದೆ," ಎಂದ. "ಅಪ್ಪಾಜಿ ಹೇಳೋದ್ರಲ್ಲೂ ಪಾಯಿಂಟ್ ಇದೆ. ಮೊದ್ಲು ಟಿವಿ ಒಂದು ಸರಿಯಾಗ್ಲಿ."

ಅತ್ತೆ ಶಿವಗಂಗಮ್ಮನವರಿಗೆ ಅಷ್ಟೂ ಅನುಮಾನವಿರಲಿಲ್ಲ. "ಹೆಣ್ಣುಮಗಿಗೆ ಈಗ್ಲೇ ಕನ್ನಡಕ ಹಾಕ್ಸಿ ಕೂರ್ಸಿದ್ರೆ ನಾಳೆ ಗಂಡಿನೋರು ಬಂದಾಗ ಏನಂತ ಹೇಳೋದು? ಸುಮ್ನಿರು ತಾಯಿ. ಮೈಸೂರಿನೋರಿಗೆ ಎಲ್ಲದಕ್ಕೂ ಡಾಕ್ಟ್ರು."

ಹಾಲುಹಲ್ಲು ಬೀಳದ ಮಗುವಿಗೆ ಗಂಡಿನವರು ಬರುವ ದಿನ ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆನೆ ಕಾಣದ ಮಗು ಮಾತ್ರ ಕಾಣುತ್ತಿರಲಿಲ್ಲ. ಪುಷ್ಪಲತಾ ಹಾಸನದ ಕಣ್ಣಾಸ್ಪತ್ರೆಯ ನಂಬರನ್ನು ಯಾರಿಗೂ ತಿಳಿಯದಿರಲೆಂದು ಫೋನಿನಲ್ಲಿ 'ಗ್ಯಾಸ್ ಹಾಸನ' ಎಂದು ಬರೆದಿಟ್ಟುಕೊಂಡಳು. ದಿನಕ್ಕೊಮ್ಮೆ ತೆಗೆದು ನೋಡುವಳು, ಹೆಬ್ಬೆರಳು ಅದರ ಮೇಲೆ ಆಡುವುದು, ಮತ್ತೆ ಮುಚ್ಚುವಳು. ಮಾವನ ಮಾತು ಮೀರಿದ ಹಾಗಾಗುತ್ತದಲ್ಲ ಎಂಬುದು ಒಂದು. ಫೋನು ಮಾಡಿದರೆ ಚಿಂತೆ ನಿಜವೇ ಆಗಿಬಿಟ್ಟರೆ ಎಂಬುದು ಇನ್ನೊಂದು. ಅಲ್ಲಿಯವರೆಗೂ ಟಿವಿಯದೇ ತಪ್ಪಿರಬಹುದಲ್ಲ.

ಹೀಗಿರುವಾಗ ಬೇಲೂರಿನಿಂದ ಷಡಕ್ಷರಪ್ಪನವರ ಮಗಳು ಉಷಾರಾಣಿ ಒಂದು ಭಾನುವಾರ ತವರಿಗೆ ಬಂದಳು. ಜೊತೆಗೆ ಅವಳ ಅತ್ತೆ ಸಾವಿತ್ರಮ್ಮ. ಬೀಗಿತ್ತಿಗೆ ಟಿವಿ ತೋರಿಸಲು ಷಡಕ್ಷರಪ್ಪನವರಿಗೆ ಇದಕ್ಕಿಂತ ಒಳ್ಳೆಯ ದಿನ ಯಾವುದು? ಉಷಾರಾಣಿಯ ಮದುವೆಯ ಹಳೇ ಕ್ಯಾಸೆಟ್ಟನ್ನು ಸ್ಟುಡಿಯೋದಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿ ತಂದಿದ್ದರು. ಚಕ್ಕುಲಿ ತಟ್ಟೆ ಬಂತು, ಪೆನ್‌ಡ್ರೈವ್ ಸಿಕ್ಕಿಸಿದ್ದಾಯಿತು. ಪರದೆಯ ತುಂಬ ಧಾರೆ ಸೀರೆಯ ಉಷಾರಾಣಿ ಎದ್ದು ಬಂದಳು, ಅಡ್ಡಡ್ಡವಾಗಿ.

"ಇದೇನಪ್ಪಾಜಿ, ಮದುವೇಲಿ ನಾನು ಇಷ್ಟು ದಪ್ಪ ಇದ್ನಾ?" ಎಂದಳು ಉಷಾರಾಣಿ.

"ಆವಾಗ ಬಳ್ಳಿ ಇದ್ದಂಗಿದ್ದೆ ಕಣೇ," ಎಂದರು ಸಾವಿತ್ರಮ್ಮ ಚಕ್ಕುಲಿ ಮುರಿಯುತ್ತ. "ನೋಡಿ ಒಪ್ಪಿದ್ದು ಒಂದು ಹೆಣ್ಣು, ಬೀಗರು ಕೊಟ್ಟಿದ್ದು ಒಂದು ಹೆಣ್ಣಾ ಅಂತ ಈಗ ಅನುಮಾನ ಬತ್ತೈತೆ. ಅಲ್ಲಿ ಕುಂಬಳಕಾಯಿ ಥರ ಕೂತಿರೋ ಪೇಟದೋರು ಯಾರು?"

ಅದು ಷಡಕ್ಷರಪ್ಪನವರೇ. ಹಣೆಯ ವಿಭೂತಿಯನ್ನು ಆ ನುಣುಪು ಪೂರಾ ನುಂಗಿಹಾಕಿತ್ತು. ಮಠಕ್ಕೆ ನಡೆದುಕೊಳ್ಳುವ ಮನೆಯ ಯಜಮಾನ ಮಗಳ ಮದುವೆಯಲ್ಲಿ ಬೋಳು ಹಣೆಯಲ್ಲಿ ಕೂತಿದ್ದ. ಮಗಳು ದಪ್ಪವಾದದ್ದನ್ನು ಸಹಿಸಿದವರಿಗೆ ಇದು ಸಹಿಸಲಾಗಲಿಲ್ಲ. ರಿಮೋಟನ್ನು ಸೊಸೆಯ ಕಡೆ ಚಾಚಿದರು. "ಓದಿದೋಳಲ್ವಾ ನೀನು? ಏನಾದ್ರೂ ಮಾಡು, ವಿಭೂತಿ ಕಾಣಂಗೆ ಮಾಡು."

ಪುಷ್ಪಲತಾ ಮಾಡಿದಳು. ಅದಕ್ಕೆ ಓದೇನೂ ಬೇಕಿರಲಿಲ್ಲ. ಟಿವಿಯೊಳಗೇ ಬರೆದಿದ್ದನ್ನು ಓದುವ ತಾಳ್ಮೆ ಸಾಕಿತ್ತು. ವಿವಿಡ್ ತೆಗೆದು ಸಿನಿಮಾ ಇಟ್ಟಳು, ಅರಿಶಿನ ಇಳಿಯಿತು. ಶಾರ್ಪ್‌ನೆಸ್ ಕೆಳಗಿಳಿಸಿದಳು, ಬಿಳಿ ಗೆರೆಗಳು ಹೋದವು. ನುಣುಪು ಮಾಡುವುದನ್ನು ಅತಿ ಕಡಿಮೆಗೆ ತಂದಳು, ಮಾವನವರ ಹಣೆಯ ಮೇಲೆ ಮೂರು ಪಟ್ಟೆ ಮೆಲ್ಲಗೆ ಮೂಡಿದವು. ಎಳೆದಿದ್ದ ಚಿತ್ರವನ್ನು ಅದರ ಮೂಲ ಅಳತೆಗೆ ತಂದಾಗ ಉಷಾರಾಣಿ ಮತ್ತೆ ಬಳ್ಳಿಯಾದಳು, ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಬಂತು.

"ಅಷ್ಟು ಗಾಜು ದಂಡ ಅಲ್ವಾ?" ಎಂದರು ಷಡಕ್ಷರಪ್ಪ.

"ಗಾಜು ಬೇಕಾ, ವಿಭೂತಿ ಬೇಕಾ, ಹೇಳಿ ಮಾವ."

ಸಾವಿತ್ರಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು.

"ಈಗ ದಿವಾನ ಆ ಗೋಡೆಗೆ ಸರಿಸ್ಬೇಕು," ಎಂದಳು ಪುಷ್ಪಲತಾ. "ಹಳೇ ಕ್ಯಾಸೆಟ್ಟು ಇದಕ್ಕಿಂತ ಚೆನ್ನಾಗಿ ಬರಲ್ಲ. ದೂರ ಕೂತ್ರೆ ಕಣ್ಣಿಗೆ ತಾನೇ ತಿಳಿಯಾಗುತ್ತೆ."

ಚಿದಂಬರ ದಿವಾನವನ್ನು ಹಜಾರದ ಇನ್ನೊಂದು ತುದಿಗೆ ಎಳೆದ. ಎಲ್ಲರೂ ಕೂತರು. ನಿಜಕ್ಕೂ ತಿಳಿಯಾಗಿತ್ತು. ಮಂಟಪದ ಬಾಳೆಕಂದು, ಪೇಟದ ಜರಿ, ಶಿವಗಂಗಮ್ಮನವರ ಅಂದಿನ ಮೂಗುಬೊಟ್ಟು ಕೂಡ ಕಂಡಿತು. "ಅಯ್ಯೋ, ಆ ಮೂಗುಬೊಟ್ಟು ಆಮೇಲೆ ಮುರಿಸ್ಬಿಟ್ಟೆ," ಎಂದು ಶಿವಗಂಗಮ್ಮ ಮುಂದಕ್ಕೆ ಬಾಗಿದರು. ಷಡಕ್ಷರಪ್ಪನವರು ಕಾಲಮೇಲೆ ಕಾಲು ಹಾಕಿಕೊಂಡು, ಇದನ್ನೆಲ್ಲ ತಾವೇ ಮಾಡಿದವರಂತೆ, "ನಾನು ಹೇಳ್ಲಿಲ್ವಾ, ತಪ್ಪು ಟಿವಿದು ಅಂತ," ಎಂದರು.

ಆಗ ಇಂಚರ ಉಷಾರಾಣಿಯ ತೊಡೆಯಿಂದ ಜಾರಿದಳು. ಹಜಾರದ ಉದ್ದಕ್ಕೂ ನಡೆದಳು. ದಿವಾನ ದೂರ ಹೋಗಿದ್ದರಿಂದ ಮಗು ನಡೆಯುವುದು ಎಲ್ಲರಿಗೂ ಕಾಣುತ್ತಿತ್ತು, ನಡೆಯುತ್ತಲೇ ಇತ್ತು. ಟಿವಿಯ ಬುಡ ಮುಟ್ಟಿ ಗಾಜಿಗೆ ಮೂಗಿಟ್ಟಳು.

"ಇಂಚು, ಬಾರೇ ಇಲ್ಲಿ," ಎಂದಳು ಉಷಾರಾಣಿ. ಮಗು ಓಡಿ ಬಂತು. "ಇಲ್ಲಿಂದ್ಲೇ ಹೇಳು, ಅತ್ತೆ ಎಲ್ಲಿ? ತಾತ ಎಲ್ಲಿ?"

ಇಂಚರ ಕಣ್ಣು ಕಿರಿದು ಮಾಡಿ ನೋಡಿದಳು, ಥೇಟ್ ತಾತನ ಹಾಗೆ.

"ಇಲ್ಲಿಂದ ಯಾರೂ ಇಲ್ಲ ಅತ್ತೆ," ಎಂದಳು. "ಬರೀ ಬಣ್ಣ ಇದೆ. ಅಲ್ಲಿಗೆ ಹೋದ್ರೆ ಎಲ್ರೂ ಬರ್ತಾರೆ."

ಟಿವಿಯಲ್ಲಿ ನಾಗಸ್ವರ ಮೊಳಗುತ್ತಿತ್ತು. ಉಷಾರಾಣಿ ಅಪ್ಪನ ಮುಖ ನೋಡಿದಳು. ಚಿದಂಬರ ಪಾಯಿಂಟು ಹುಡುಕುತ್ತಿದ್ದ, ಸಿಗಲಿಲ್ಲ.

"ಕ್ಯಾಸೆಟ್ಟು ಹಳೇದಲ್ವಾ," ಎಂದು ಷಡಕ್ಷರಪ್ಪನವರು ಗಂಟಲು ಸರಿಮಾಡಿಕೊಂಡರು. "ರಿಮೋಟ್ ಇತ್ಲಾಗೆ ಕೊಡು, ಇನ್ನೊಂಚೂರು ಬಣ್ಣ ಕೊಟ್ಟು ನೋಡಾನ."

ಕಲ್ಲಾಯಿತು, ಪೇಪರಾಯಿತು, ಟಿವಿಯಾಯಿತು, ಈಗ ಕ್ಯಾಸೆಟ್ಟು. ಈ ಮನೆತನದ ಕಣ್ಣು ಉಳಿಸಲು ಇನ್ನು ಯಾರ ಯಾರ ಮೇಲೆ ತಪ್ಪು ಬೀಳಬೇಕೋ. ಪುಷ್ಪಲತಾ ರಿಮೋಟನ್ನು ಮಾವನ ಕೈಗೇ ಕೊಟ್ಟಳು. "ಇಟ್ಕೊಳ್ಳಿ ಮಾವ. ಎಷ್ಟು ಬೇಕೋ ಅಷ್ಟು ಬಣ್ಣ ಕೊಡಿ."

ಮಗುವನ್ನು ಸೊಂಟಕ್ಕೇರಿಸಿಕೊಂಡು, ಎಲ್ಲರ ಎದುರಿಗೇ ನಿಂತು, ಫೋನಿನಲ್ಲಿ 'ಗ್ಯಾಸ್ ಹಾಸನ' ಒತ್ತಿದಳು. ಭಾನುವಾರ, ಯಾರೂ ಎತ್ತಲಾರರೇನೋ ಎಂದುಕೊಳ್ಳುವಷ್ಟರಲ್ಲಿ ಅತ್ತ ಒಬ್ಬ ಹುಡುಗಿಯ ದನಿ ಕೇಳಿಸಿತು.

"ಕಣ್ಣಾಸ್ಪತ್ರೆನಾ? ಅರಸೀಕೆರೆಯಿಂದ ಮಾತಾಡ್ತಿರೋದು. ನನ್ನ ಮಗಳನ್ನ ತೋರ್ಸಬೇಕಿತ್ತು, ಐದು ವರ್ಷ. ದೂರದ್ದು ಕಾಣ್ತಿಲ್ಲ. ಟಿವಿ ಹತ್ರಾನೇ ಹೋಗಿ ನಿಲ್ತಾಳೆ."

"ಟಿವಿ ಪಿಕ್ಚರ್ ಸರಿ ಬರ್ತಿದೆ ತಾನೆ ಮೇಡಂ?" ಎಂದಿತು ಆ ದನಿ.

ಪುಷ್ಪಲತಾ ಮಾವನ ಕಡೆ ನೋಡಿದಳು. ಅವರ ಹೆಬ್ಬೆರಳು ರಿಮೋಟಿನ ಮೇಲೆ ಹಾಗೇ ನಿಂತಿತ್ತು.

"ಟಿವಿ ತುಂಬ ಚೆನ್ನಾಗಿದೆ," ಎಂದಳು. "ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಬೇಕು, ಹೇಳಿ."