ಮಾಳಿಗೆಯ ಮೇಲೆ ವೈನ್ ಕಲಿತದ್ದು

ಎಂಬತ್ತರ ದಶಕ ಮುಗಿಯುತ್ತಿದ್ದಾಗ ನನ್ನ ಯಜಮಾನರು ಗೆಳೆಯರೊಡನೆ ಗೋವೆಗೆ ಹೋಗಿ ಬಂದರು. ನನಗೆ ಗೋಡಂಬಿ ತಂದಿದ್ದರು, ಅತ್ತೆಗೆ ಕೋಕಂ. ಚೀಲದ ತಳದಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ವೈನ್ ಬಾಟಲಿಯೂ ಇತ್ತು. ಅದನ್ನು ಕಂಡು ಹೆದರಿ ಬಾಗಿಲು ಮುಚ್ಚಿದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಕೆಳಗೆ ಅತ್ತೆ ಪೂಜೆಗೆ ಕೂತಿದ್ದರು. ನಾನು ಚಿಕ್ಕೋಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು.

"ಕುಡ್ಯಾಕಂತ ತಂದಿಲ್ಲ. ವಾಸನಿ ನೋಡಾಕ ತಂದೀನಿ" ಎಂದರು.

ಅವರ ಮಟ್ಟಿಗೆ ಅದು ಸುಳ್ಳಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಮಾಲು ನೋಡಿ ದರ್ಜೆ ಗೊತ್ತುಮಾಡುವುದು ಅವರ ಕೆಲಸವಾಗಿತ್ತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಏನು ಕೊಟ್ಟರೂ ಮೊದಲು ಮೂಗಿಗೆ ಹಿಡಿಯುವುದು ರೂಢಿ. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಸಾರನ್ನೂ ಹಾಗೆಯೇ ಮೂಸಿ ನೋಡಿದಾಗ ನನಗೆ ಅಳು ಬಂದಿತ್ತು.

ಭಾನುವಾರ ಅತ್ತೆ ಊಟವಾಗಿ ಮಲಗಿದ ಮೇಲೆ ಮಾಳಿಗೆಯ ಖೋಲಿಯಲ್ಲಿ ಅದನ್ನು ತೆಗೆದೆವು. ಬೂಚು ತೆಗೆಯುವ ಸಾಮಾನು ನಮ್ಮಲ್ಲಿ ಎಲ್ಲಿಂದ ಬರಬೇಕು? ಒಂದು ತಿರುಪು ಮೊಳೆ ಸೇರಿಸಿ ಇಕ್ಕಳದಿಂದ ಜಗ್ಗಿದರು. ಅರ್ಧ ಬೂಚು ಒಳಗೇ ಬಿತ್ತು. ಸ್ಟೀಲಿನ ಲೋಟದಲ್ಲಿ ಸೋಸಿಕೊಂಡು ಕುಡಿದೆವು. ಕೆಮ್ಮಿನ ಔಷಧದ ಹಾಗೆ ಸಿಹಿ. ಇದಕ್ಕೇ ಇಷ್ಟು ಹೆದರಿದೆನೇ ಎನ್ನಿಸಿತು. ಅವರಿಗೂ ಸಮಾಧಾನವಾಗಲಿಲ್ಲ. ಸಿಹಿ ಇಲ್ಲದ್ದೂ ಇರುತ್ತದಂತೆ, ಅದನ್ನು ನೋಡಬೇಕು ಎಂದರು.

ಹೀಗೆ ಶುರುವಾಯಿತು. ಎರಡು ಮೂರು ತಿಂಗಳಿಗೊಮ್ಮೆ ಕೊಲ್ಲಾಪುರದಿಂದಲೋ ಗೋವೆಗೆ ಹೋದವರ ಕೈಯಿಂದಲೋ ಒಂದು ಬಾಟಲಿ ಬರುತ್ತಿತ್ತು. ಸಿಹಿ ಇಲ್ಲದ ಕೆಂಪು ವೈನ್ ಮೊದಲ ಸಲ ಬಾಯಿಗೆ ಬಿದ್ದಾಗ ಬಾಳೆಕಾಯಿ ಕಚ್ಚಿದಂತಾಗಿ ನಾನು ಮುಖ ಕಿವುಚಿದೆ. ನುಂಗಲು ಅವಸರ ಮಾಡಬೇಡ, ಸ್ವಲ್ಪ ಹೊತ್ತು ಬಾಯಲ್ಲಿ ಹಿಡಿದುಕೋ ಎಂದರು. ಹಿಡಿದುಕೊಂಡೆ. ಒಗರು ಸರಿದು ಹಿಂದಿನಿಂದ ಹಣ್ಣಿನ ರುಚಿ ಬಂತು. ಸ್ಟೀಲಿನ ಲೋಟದಲ್ಲಿ ವಾಸನೆ ತಿಳಿಯುವುದಿಲ್ಲವೆಂದು ಗಾಜಿನ ಗ್ಲಾಸುಗಳು ಬಂದವು. ಏಪ್ರಿಲ್ ಸೆಕೆಗೆ ಬಿಸಿಯಾದ ವೈನ್ ಬರೀ ಘಾಟು ಹೊಡೆಯುತ್ತದೆಂದು ತಿಳಿದ ಮೇಲೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಹರವಿಯ ಪಕ್ಕದಲ್ಲಿಡುತ್ತಿದ್ದೆವು. ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಜೊತೆ ಕುಡಿದು ಬಾಯೆಲ್ಲ ಉರಿ ಹತ್ತಿ ಇಬ್ಬರೂ ನೀರಿಗೆ ಓಡಿದ್ದೂ ಉಂಟು. ಕಡಲೆಹಿಟ್ಟಿನ ಜುಣಕದ ವಡಿಗೆ ಖಾರ ಕಡಿಮೆ ಹಾಕಿದರೆ ಚೆನ್ನಾಗಿ ಹೊಂದುತ್ತಿತ್ತು. ಗ್ಲಾಸಿನಲ್ಲಿ ಎರಡು ಬೆರಳಿನಷ್ಟು, ಅದಕ್ಕಿಂತ ಹೆಚ್ಚು ಅವರು ಎಂದೂ ಹಾಕಿಕೊಳ್ಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಭಾನುವಾರದ ಆ ಮಧ್ಯಾಹ್ನಗಳಲ್ಲಿ ಆ ಮಾತು ನಮ್ಮ ನಡುವೆ ಬರುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ಅವರ ದನಿ ಒಡೆಯಿತು. ತಂಬಾಕಿನ ಧೂಳು ಎಂದುಕೊಂಡೆವು. ಮಿರಜಿನ ದವಾಖಾನೆಗೆ ಕರೆದುಕೊಂಡು ಹೋದಾಗ ಡಾಕ್ಟರು ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ ಎಂದರು. ಗಡ್ಡೆ ಸುಡಲು ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಮನೆಗೆ ಬಂದ ಮೇಲೆ ಬಾಯಿ ಒಣಗಿಹೋಯಿತು. ಅನ್ನ, ಹಾಲು, ಬಾಳೆಹಣ್ಣು, ಎಲ್ಲವೂ ಸುಣ್ಣದ ಹಾಗೆ ಎನ್ನುತ್ತಿದ್ದರು. ಒಂದು ಭಾನುವಾರ ಉಳಿದಿದ್ದ ಬಾಟಲಿ ತೆಗೆಯಲು ಹೇಳಿದರು. ಗ್ಲಾಸನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು.

"ವಾಸನಿ ಬರವಲ್ದು" ಎಂದು ಗ್ಲಾಸನ್ನು ನನ್ನ ಕೈಗೆ ಕೊಟ್ಟರು. "ನೀ ಕುಡದು ಹೇಳು."

ನಾನು ಕುಡಿದು, ಛಲೋ ಐತ್ರಿ ಎಂದೆ. ಅವರಿಗೆ ಸಿಟ್ಟು ಬಂತು.

"ಛಲೋ ಅಂದ್ರ ನನಗೇನ ತಿಳೀತೈತಿ? ಕುಡದಾಗ ಏನ ನೆನಪಾಗತೈತಿ, ಅದನ್ನ ಹೇಳು."

ಅಂದಿನಿಂದ ಹೇಳಲು ಕಲಿತೆ. ಸಣ್ಣವಳಿದ್ದಾಗ ತವರೂರು ಏಕಸಂಬಿಯ ಹೊಲದ ಬದುವಿನಲ್ಲಿ ಕಿತ್ತು ತಿಂದ ಕವಳಿ ಹಣ್ಣು, ನೆನೆಸಿದ ಮೆಂತ್ಯ, ಹೊಸ ಟ್ರಂಕು ತೆಗೆದಾಗ ಬರುವ ವಾಸನೆ, ಏನು ತೋಚಿದರೆ ಅದು. ಅವರು ತಲೆಯಾಡಿಸುತ್ತ ಕೇಳುತ್ತಿದ್ದರು. ಬಾಟಲಿ ಮುಗಿದಾಗ ನಾನೇ ಕೊಲ್ಲಾಪುರದ ಬಸ್ಸು ಹತ್ತಿದೆ. ಅಂಗಡಿಯವನು ಸಾಹೇಬರಿಗೆ ಯಾವುದು ಬೇಕಂತೆ ಎಂದು ಮರಾಠಿಯಲ್ಲಿ ಕೇಳಿದ. ನನಗೇ ಬೇಕು ಎಂದೆ. ಬಿಸಿಲು ಬೀಳುವ ಹಲಗೆಯ ಮೇಲಿದ್ದುದನ್ನು ಬಿಟ್ಟು, ಒಳಗೆ ಮಲಗಿಸಿಟ್ಟದ್ದನ್ನು ತೆಗೆಸಿ, ಬೂಚು ಜಿನುಗಿದೆಯೇ ಎಂದು ನೋಡಿ ಕೊಂಡೆ.

ಅಷ್ಟು ನೋಡಿ ತಂದರೂ ಅದು ಕೆಟ್ಟಿತ್ತು. ಶಿರ್ಕಾದ ಹಾಗೆ ಹುಳಿ. ಅವರು ಗೋಡೆಗೆ ಒರಗಿ ಕಾಯುತ್ತಿದ್ದರು. ಆ ಹೊತ್ತಿಗೆ ಅವರ ಮಾತು ಬರೀ ಪಿಸುದನಿಯಾಗಿತ್ತು. ನನಗೆ ಹೇಳಲು ಮನಸ್ಸಾಗಲಿಲ್ಲ. ಕವಳಿ ಹಣ್ಣು ಎಂದೆ, ಆಮೇಲೆ ಮೆಂತ್ಯ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

"ಅದು ಹಿಂದಿನ ಬಾಟ್ಲಿದು" ಎಂದರು. ಹೆಗಲು ಕುಲುಕಿದವು. ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನನಗೂ ನಗು ಬಂತು, ನಗುತ್ತಲೇ ಅಳು ಬಂತು. ಕೆಟ್ಟ ವೈನನ್ನು ಬಚ್ಚಲಿಗೆ ಸುರಿದು ಬಂದು ಅವರ ಪಕ್ಕದಲ್ಲಿ ಕೂತೆ.

ಆ ಚಳಿಗಾಲ ಅವರು ತೀರಿಕೊಂಡರು.

ಒಂದು ವರ್ಷ ಕಳೆದ ಮೇಲೆ, ಕೊಲ್ಲಾಪುರಕ್ಕೆ ಬೇರೆ ಕೆಲಸಕ್ಕೆ ಹೋದವಳು ಅದೇ ಅಂಗಡಿಯಲ್ಲಿ ಒಂದು ಬಾಟಲಿ ಕೊಂಡೆ. ಭಾನುವಾರ ಮಾಳಿಗೆಯಲ್ಲಿ ತೆಗೆದೆ. ಚೆನ್ನಾಗಿತ್ತು. ರುಚಿಯೆಲ್ಲ ತಿಳಿಯುತ್ತಿತ್ತು, ಕೇಳುವವರು ಇರಲಿಲ್ಲ. ಆಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಮೊಣಕಾಲು ನೋವೆಂದು ಮೇಲೆ ಬರುವುದನ್ನೇ ಬಿಟ್ಟಿದ್ದ ಅತ್ತೆ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದರು. ನಾನು ಗ್ಲಾಸನ್ನು ಮುಚ್ಚಿಡಲಿಲ್ಲ. ಮುಚ್ಚಿಡುವಷ್ಟು ಶಕ್ತಿಯೂ ಇರಲಿಲ್ಲ.

ಅವರು ಮಂಚದ ಅಂಚಿಗೆ ಕೂತು ಕೇಳಿದರು: "ಅಂವಗ ಇದು ಸೇರತಿತ್ತೇನ?"

"ಸೇರತಿತ್ರಿ, ಅತ್ತಿ."

ಗ್ಲಾಸನ್ನು ಅವರು ಮುಟ್ಟಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನೀವು ಮಾತಾಡೂದು ಕೆಳಗ ಕೇಳಸತಿತ್ತು. ಅಂವಗ ಹೆಂಗ ಹೇಳತಿದ್ದಿ, ನನಗೂ ಹಂಗ ಹೇಳವ್ವಾ."

ಒಂದು ಗುಟುಕು ಬಾಯಲ್ಲಿ ಹಿಡಿದೆ. ಅತ್ತೆ ಅವಸರ ಮಾಡಲಿಲ್ಲ. ಆಮೇಲೆ ಹೇಳಿದೆ, ತೋಚಿದ್ದೆಲ್ಲವನ್ನೂ. ಅವರಿಗೆ ಎಷ್ಟು ತಿಳಿಯಿತೋ, ಪ್ರತಿ ಮಾತಿಗೂ ಹೂಂ ಎನ್ನುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಅವರ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ.